ಡಿಸ್ಕ್ ಇಲ್ಲದ ಪೆಟ್ಟಿಗೆ ಕೂಗಿದ್ದು

ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವವರು ಪದೇ ಪದೇ ಕೇಳುವ ಮಾತೊಂದಿದೆ: "ನಾನೇನೂ ಮಾಡಿಲ್ಲ ಮೇಡಂ, ತಾನಾಗೇ ಹಿಂಗಾಯ್ತು." ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದಷ್ಟೂ ಕಾಲ ಈ ಮಾತಿಗೆ ನನ್ನ ಉತ್ತರ ಒಂದೇ. ಯಾವುದೂ ತಾನಾಗಿಯೇ ಆಗುವುದಿಲ್ಲ. ಯಾರೋ ಏನೋ ಮಾಡಿರುತ್ತಾರೆ, ಹುಡುಕಿದರೆ ಸಿಗುತ್ತದೆ. ಇದು ಬರೀ ಹುಡುಗರನ್ನು ಗದರಿಸುವುದಕ್ಕೆ ಆಡುತ್ತಿದ್ದ ಮಾತಲ್ಲ, ನಾನು ನಂಬಿದ್ದೂ ಹಾಗೆಯೇ. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ತೀರಿಕೊಂಡ ಅತ್ತೆಯ ಗೆಜ್ಜೆ ಸದ್ದು ರಾತ್ರಿ ಕೇಳಿಸುತ್ತದೆ ಎಂದು ಕಣ್ಣೀರು ಹಾಕಿಕೊಂಡು ಹೇಳಿದಾಗ, "ಫ್ಯಾನಿನ ಬೇರಿಂಗ್ ನೋಡಿಸಿದ್ರಾ?" ಎಂದು ಕೇಳಿದವಳು ನಾನು. ಅವರು ಆಮೇಲೆ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ.

ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆ. ಓದುವವರು ನನ್ನನ್ನೂ ಹಾಗೆಯೇ ಕೇಳಿದರೆ ನನಗೆ ಬೇಸರವಿಲ್ಲ. ಕೇಳಬೇಕಾದದ್ದೇ. ನಾನೇ ನನ್ನನ್ನು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಆಗ ಭದ್ರಾವತಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ನನ್ನ ಭಾವ, ಎಂದರೆ ಅಕ್ಕನ ಗಂಡ, ಅಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಕಾರ್ಖಾನೆಗಳು ಚೆನ್ನಾಗಿ ನಡೆಯುತ್ತಿದ್ದ ದಿನಗಳಲ್ಲಿ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಬ್ಯಾಚಿನ ಮೇಲೆ ಬ್ಯಾಚು. ಆಮೇಲೆ ಟೈಪಿಂಗ್ ಕಲಿಯುವವರು ಕಡಿಮೆಯಾದರು. ಭಾವ ಮುಂದಿನ ಹಾಲ್ ಖಾಲಿ ಮಾಡಿಸಿ ಕಂಪ್ಯೂಟರುಗಳನ್ನು ಇಟ್ಟು ಬ್ರೌಸಿಂಗ್ ಸೆಂಟರ್ ಮಾಡಿದರು. ಟೈಪ್‌ರೈಟರುಗಳೆಲ್ಲ ಹಿಂದಿನ ಕೋಣೆಗೆ ಹೋದವು. ಅವುಗಳ ಜೊತೆಗೇ ಅವನ್ನು ಕಲಿಸುತ್ತಿದ್ದ ಸೆಲ್ವಿ ಮಿಸ್ಸೂ ಹಿಂದಿನ ಕೋಣೆಗೆ ಹೋದರು.

ಸೆಲ್ವಿ ಮಿಸ್ ಬಗ್ಗೆ ಹೇಳಬೇಕು. ಅವರ ತಂದೆ ತಮಿಳುನಾಡಿನಿಂದ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ಬಂದವರು. ಇವರು ಹುಟ್ಟಿ ಬೆಳೆದದ್ದೆಲ್ಲ ಕ್ವಾರ್ಟರ್ಸಿನಲ್ಲೇ. ಮದುವೆಯಾಗಲಿಲ್ಲ, ತಮ್ಮನ ಸಂಸಾರದ ಜೊತೆ ಇದ್ದರು. ಐವತ್ತು ದಾಟಿದ ಸಣಕಲು ಹೆಂಗಸು. ಅಂಚು ಮಡಚಿ ಪಿನ್ ಹಾಕಿದ ಕಾಟನ್ ಸೀರೆ, ಕೈಯಲ್ಲೊಂದು ಮರದ ಸ್ಕೇಲು. ಊರಿನ ಅರ್ಧ ಗುಮಾಸ್ತರು ಅವರ ಸ್ಕೇಲಿನ ಏಟು ತಿಂದವರೇ. ಮದುವೆಯಾಗಿ ಹೋದ ಹೊಸತರಲ್ಲಿ ನನ್ನ ಅಕ್ಕನೂ ಅವರ ಹತ್ತಿರ ಕಲಿತು ಟೈಪಿಂಗಿನ ಜೂನಿಯರ್ ಪರೀಕ್ಷೆ ಪಾಸಾಗಿದ್ದಳು. ನನ್ನನ್ನು ಕಂಡರೆ ಅವರಿಗೆ ಸ್ವಲ್ಪ ಸಿಟ್ಟು, ಸ್ವಲ್ಪ ಪ್ರೀತಿ. ಅವರ ಮಷೀನುಗಳಿಗೆ ಜಾಗವಿಲ್ಲದಂತೆ ಮಾಡಿದ ಪೆಟ್ಟಿಗೆಗಳ ಕಡೆಯವಳಲ್ಲವೇ ನಾನು.

ಅಲ್ಲಿ ಬಂದಿದ್ದ ತೊಂದರೆ ಇದು: ಭಾವನ ಕಂಪ್ಯೂಟರುಗಳಿಗೆಲ್ಲ ವೈರಸ್ ಹತ್ತಿತ್ತು. ಒಂದನ್ನು ತೊಳೆದರೆ ಇನ್ನೊಂದರಿಂದ ಮತ್ತೆ ಬರುತ್ತಿತ್ತು. ಇಲ್ಲಿಂದ ಹೊರಗೆ ರಾಶಿರಾಶಿ ಕೆಟ್ಟ ಮೇಲ್‌ಗಳು ಹೋಗುತ್ತಿವೆ, ಸರಿಮಾಡದಿದ್ದರೆ ಲೈನ್ ಕತ್ತರಿಸುತ್ತೇವೆ ಎಂದು ಇಂಟರ್‌ನೆಟ್ ಕೊಟ್ಟವರು ಎಚ್ಚರಿಸಿದ್ದರು. ಆ ವಾರವೇ ಪಿ.ಯು.ಸಿ. ಫಲಿತಾಂಶ ಬರುವುದಿತ್ತು. ವರ್ಷದಲ್ಲಿ ಬ್ರೌಸಿಂಗ್ ಸೆಂಟರಿನ ಬಾಗಿಲಲ್ಲಿ ಜಾತ್ರೆಯಂತೆ ಜನ ಸೇರುವುದು ಆ ದಿನ ಮಾತ್ರ. ಭಾವ ನನಗೆ ಫೋನ್ ಮಾಡಿ, "ಏನಾದ್ರೂ ಮಾಡು ಮಾರಾಯ್ತಿ, ಈ ಸಲ ಲೈನ್ ಹೋದ್ರೆ ಬಾಗಿಲು ಹಾಕೋದೇ" ಎಂದರು.

ನಮ್ಮ ಕಾಲೇಜಿನಲ್ಲಿ ನಾನು ಒಂದು ಉಪಾಯ ಮಾಡಿದ್ದೆ. ಹಳೆಯ ಕಂಪ್ಯೂಟರ್ ಒಂದಕ್ಕೆ ಫೈರ್‌ವಾಲ್ ಹಾಕಿ, ಅದನ್ನು ಇಂಟರ್‌ನೆಟ್ಟಿಗೂ ಒಳಗಿನ ಕಂಪ್ಯೂಟರುಗಳಿಗೂ ನಡುವೆ ಕೂರಿಸುವುದು. ಬಾಗಿಲು ಕಾಯುವವನಂತೆ ಅದು ಬರುವುದನ್ನೂ ಹೋಗುವುದನ್ನೂ ತಡೆದು ನೋಡುತ್ತದೆ. ಅದಕ್ಕೆ ವಿಂಡೋಸ್ ಬೇಡ. ಪುಕ್ಕಟೆ ಸಿಗುವ, ಅದೊಂದೇ ಕೆಲಸಕ್ಕೆಂದು ಮಾಡಿದ ಆಪರೇಟಿಂಗ್ ಸಿಸ್ಟಮ್ ಒಂದು ಸಿ.ಡಿ.ಯಲ್ಲಿ ಬರುತ್ತಿತ್ತು. ಅದರ ಒಂದು ವಿಶೇಷ ನನಗೆ ಬಹಳ ಇಷ್ಟವಾಗಿತ್ತು. ಎಲ್ಲ ಸರಿಯಾಗಿ ಎದ್ದು ನಿಂತು ಕೆಲಸಕ್ಕೆ ಸಿದ್ಧವಾದಾಗ ಪೆಟ್ಟಿಗೆಯೊಳಗಿನ ಪುಟ್ಟ ಸ್ಪೀಕರಿನಿಂದ ಅದು ಮೂರು ಸ್ವರ ನುಡಿಸುತ್ತಿತ್ತು, ಮೆಟ್ಟಿಲು ಹತ್ತಿದ ಹಾಗೆ, ಸ–ಗ–ಪ. ಗಂಟೆಗಟ್ಟಲೆ ಒದ್ದಾಡಿದ ಮೇಲೆ ಆ ಮೂರು ಸ್ವರ ಕೇಳಿದಾಗ ಆಗುವ ಸಂತೋಷ, ಆ ಕೆಲಸ ಮಾಡಿದವರಿಗೇ ಗೊತ್ತು.

ಆ ಭಾನುವಾರ ಬೆಳಿಗ್ಗೆ ರವೀಂದ್ರನಗರದ ನಮ್ಮ ಮನೆಯಿಂದ ಹೊರಟು ಬಸ್ ಹಿಡಿದು ಭದ್ರಾವತಿಗೆ ಹೋದೆ. ಭಾವ ಯಾವುದೋ ಕಚೇರಿಯ ಹರಾಜಿನಲ್ಲಿ ಬಂದ ಹಳೇ ಕಂಪ್ಯೂಟರ್ ಒಂದನ್ನು ಇದಕ್ಕೆಂದೇ ಎತ್ತಿಟ್ಟಿದ್ದರು. ಬಿಳಿ ಬಣ್ಣ ಹಳದಿಗೆ ತಿರುಗಿದ ದೊಡ್ಡ ಕ್ಯಾಬಿನೆಟ್. ಬಿಚ್ಚಿ ನೋಡಿದರೆ ಒಳಗೆ ಜೇಡರ ಬಲೆ. ಸ್ಪೀಕರ್ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ, ಯಾರೋ ಕಿತ್ತುಕೊಂಡಿದ್ದರು. ಸದ್ದು ಮಾಡದ ಕಂಪ್ಯೂಟರಿನ ರೋಗ ಹುಡುಕುವುದು ಕಷ್ಟ. ಸ್ಟಾರ್ಟ್ ಆಗುವಾಗ ಅದು ಹೊಡೆಯುವ ಬೀಪ್‌ಗಳೇ ನಮಗೆ ನಾಡಿ. ಆದರೂ ಆಗಲಿ ಎಂದು ಶುರುಮಾಡಿದೆ.

ಮೊದಲು ಅದಕ್ಕೆ ಸಿ.ಡಿ.ಯಿಂದ ಏಳುವುದೇ ಗೊತ್ತಿರಲಿಲ್ಲ. ಫ್ಲಾಪಿ ಮಾಡಿಕೊಂಡು ಏಳಿಸಿದೆ. ಆಮೇಲೆ ಎರಡು ನೆಟ್‌ವರ್ಕ್ ಕಾರ್ಡುಗಳಲ್ಲಿ ಒಂದನ್ನು ಕಂಡರೆ ಇನ್ನೊಂದನ್ನು ಕಾಣದು. ಜಾಗ ಬದಲಿಸಿ ಕೂರಿಸಿದ ಮೇಲೆ ಎರಡೂ ಕಂಡವು. ಇನ್‌ಸ್ಟಾಲೇಶನ್ ಮುಗಿಯಿತು, ರೀಸ್ಟಾರ್ಟ್ ಮಾಡಿದೆ. ಕಪ್ಪು ಪರದೆಯ ಮೂಲೆಯಲ್ಲಿ ಇಂಗ್ಲಿಷಿನ ಎಲ್, ಐ ಎಂಬ ಎರಡೇ ಅಕ್ಷರ ಬಂದು ಕಂಪ್ಯೂಟರ್ ನಿಂತುಬಿಟ್ಟಿತು. ಮತ್ತೆ ಮೊದಲಿನಿಂದ. ಮತ್ತೆ ಅದೇ ಎರಡು ಅಕ್ಷರ. ಏನು ಬದಲಾಯಿಸಿದರೂ ಅಷ್ಟೇ. ಹಾರ್ಡ್ ಡಿಸ್ಕ್ ಆ ಮುದಿ ಕಂಪ್ಯೂಟರಿನ ಅಳವಿಗೆ ಮೀರಿ ದೊಡ್ಡದು, ಅದು ಡಿಸ್ಕಿನ ಉದ್ದಕ್ಕೂ ಓದಲಾರದೆ ಅಲ್ಲೇ ಮುಗ್ಗರಿಸುತ್ತಿದೆ ಎಂದು ಕೊನೆಗೆ ಹೊಳೆಯಿತು. ಇನ್ನೂ ಚಿಕ್ಕ ಡಿಸ್ಕ್ ಬೇಕಿತ್ತು.

ಸೆಲ್ವಿ ಮಿಸ್ ಅವತ್ತು ರಜೆಯಿದ್ದರೂ ಬಂದಿದ್ದರು. ಮರುದಿನ ಟೈಪ್‌ರೈಟರುಗಳನ್ನು ಯಾರೋ ಕೊಂಡುಹೋಗುವವರಿದ್ದರು. ಕೊಳೆ ಮೆತ್ತಿಕೊಂಡು ಹೋಗಬಾರದೆಂದು ಒಂದೊಂದನ್ನೂ ಎಣ್ಣೆ ಹಾಕಿ ಒರೆಸಿ, ಕಾಗದ ಹೊತ್ತು ಸರಿಯುವ ಮೇಲಿನ ಗಾಡಿ ಅತ್ತಿತ್ತ ಓಡದಂತೆ ಹುರಿಯಿಂದ ಬಿಗಿದು, ಹಳೇ ಸೀರೆ ಸುತ್ತಿ ಇಡುತ್ತಿದ್ದರು. ಆಗಾಗ ಬಾಗಿಲಿಗೆ ಬಂದು ನನ್ನ ಪಾಡು ನೋಡಿ ಹೋಗುತ್ತಿದ್ದರು. "ಏನ್ಮಾ, ನಿನ್ ಪೆಟ್ಟಿಗೆ ಇನ್ನೂ ಏಳ್ಲಿಲ್ವಾ? ನನ್ ಮಷೀನ್ ನೋಡು, ಪೇಪರ್ ಹಾಕಿದ್ರೆ ಮುಗೀತು" ಎಂದು ನಕ್ಕರು.

ಮಧ್ಯಾಹ್ನ ಕರೆಂಟು ಹೋಯಿತು. ಭಾವನ ಹತ್ತಿರ ಒಂದು ಸೀಮೆಎಣ್ಣೆ ಜನರೇಟರ್ ಇತ್ತು. ಯಾವಾಗಲೂ ಅದನ್ನು ಹಿತ್ತಲಲ್ಲಿಟ್ಟು ಓಡಿಸುತ್ತಿದ್ದರು. ಆದರೆ ಹಿಂದಿನ ಮನೆಯಲ್ಲಿ ಬಾಣಂತಿ ಇದ್ದಳು. ಸದ್ದಿಗೆ ಮಗು ಬೆಚ್ಚಿಬೀಳುತ್ತದೆ ಎಂದು ಆಕೆಯ ತಾಯಿ ಹಿಂದಿನ ದಿನ ಬಂದು ಕೇಳಿಕೊಂಡಿದ್ದರಂತೆ. ಪಾಪ, ಎಳೇ ಮಗು ಎಂದು ಭಾವ ಜನರೇಟರನ್ನು ಟೈಪಿಂಗ್ ಕೋಣೆಯ ಹಿಂದಿನ ಶೀಟಿನ ಪಡಸಾಲೆಗೆ ಎಳೆದು, ಹಿತ್ತಲ ಬಾಗಿಲು ಹಾಕಿ ಸ್ಟಾರ್ಟ್ ಮಾಡಿದರು. ಇದರಲ್ಲಿ ಅಪಾಯವಿದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊಗೆ ಬಂದರೆ ಕೆಮ್ಮು ಬರುತ್ತದೆ, ಬಾಗಿಲು ತೆಗೆದರಾಯಿತು ಎನ್ನುವಷ್ಟೇ ನಮ್ಮ ತಿಳಿವಳಿಕೆ.

ಶಿವಮೊಗ್ಗದಲ್ಲಿ ಭಾವನ ಸ್ನೇಹಿತರೊಬ್ಬರ ಮನೆಯಲ್ಲಿ ಹಳೇ ಚಿಕ್ಕ ಡಿಸ್ಕ್ ಇದೆ ಎಂದು ಗೊತ್ತಾಯಿತು. ನಾನು ಕಂಪ್ಯೂಟರಿನಿಂದ ಈ ಡಿಸ್ಕನ್ನು ಬಿಚ್ಚಿ, "ಇದೇ ತರ ಪಿನ್ ಇರೋದು ಬೇಕು, ತೋರಿಸಿ ತಗೊಂಬನ್ನಿ" ಎಂದು ಭಾವನ ಕೈಗೆ ಕೊಟ್ಟೆ. ಅವರು ಅದನ್ನು ಬ್ಯಾಗಿಗೆ ಹಾಕಿಕೊಂಡು ಬೈಕಿನಲ್ಲಿ ಹೊರಟುಹೋದರು. ತೆರೆದಿದ್ದರೆ ಹುಡುಗರು ಬ್ರೌಸಿಂಗಿಗೆ ನುಗ್ಗುತ್ತಾರೆಂದು ಮುಂದಿನ ಶಟರನ್ನು ಹೊರಗಿನಿಂದ ಕೆಳಗೆಳೆದು ಹೋದರು. ನೆಲದ ಹತ್ತಿರ ಬೆಳಕಿನ ಒಂದು ಗೆರೆ ಉಳಿಯಿತು, ಅಷ್ಟೆ.

ಅವರು ಬರುವಷ್ಟರಲ್ಲಿ ಉಳಿದ ಕಂಪ್ಯೂಟರುಗಳ ವೈರಸ್ ತೆಗೆಯೋಣ ಎಂದು ಕೂತೆ. ಅವುಗಳಲ್ಲೊಂದರ ಪವರ್ ಕಾರ್ಡ್ ಸಡಿಲವಾಗಿತ್ತು. ಹಳೇ ಕಂಪ್ಯೂಟರಿನದನ್ನು ಕಿತ್ತು ಅದಕ್ಕೆ ಚುಚ್ಚಿದೆ. ಇಷ್ಟೆಲ್ಲ ಯಾಕೆ ವಿವರವಾಗಿ ಹೇಳುತ್ತಿದ್ದೇನೆಂದರೆ, ಆ ಹಳದಿ ಪೆಟ್ಟಿಗೆಯಲ್ಲಿ ಆ ಹೊತ್ತಿಗೆ ಡಿಸ್ಕ್ ಇರಲಿಲ್ಲ, ಸ್ಪೀಕರ್ ಇರಲಿಲ್ಲ, ಕರೆಂಟಿನ ವೈರೂ ಇರಲಿಲ್ಲ. ಪಕ್ಕದ ಹಲಗೆ ಕೂಡ ಬಿಚ್ಚಿತ್ತು. ಇವೆಲ್ಲ ನಾನೇ ನನ್ನ ಕೈಯಾರೆ ಮಾಡಿದ್ದು.

ಸ್ವಲ್ಪ ಹೊತ್ತಿಗೆ ಸೆಲ್ವಿ ಮಿಸ್ ಬಾಗಿಲಿಗೆ ಬಂದು, "ಮುಗೀತು ಮಾ, ಎಲ್ಲಾ ಕಟ್ಟಿಟ್ಟೆ. ಯಾಕೋ ತಲೆ ಭಾರ. ಸಾರ್ ಬರೋವರ್ಗೂ ಹಂಗೇ ಚಾಪೆ ಮೇಲೆ ಒರಗಿರ್ತೀನಿ" ಎಂದರು. ನನಗೂ ತಲೆ ಸಿಡಿಯುತ್ತಿತ್ತು. ಬೆಳಗಿನಿಂದ ಪರದೆ ದಿಟ್ಟಿಸಿದ್ದಕ್ಕೋ, ಊಟವಿಲ್ಲದ್ದಕ್ಕೋ ಇರಬೇಕೆಂದುಕೊಂಡೆ. ಸೀಮೆಎಣ್ಣೆ ವಾಸನೆ ಇತ್ತು. ಜನರೇಟರ್ ಓಡುವಲ್ಲಿ ಆ ವಾಸನೆ ಇದ್ದದ್ದೇ. ಕೊಲ್ಲುವುದು ಆ ವಾಸನೆಯಲ್ಲ, ಅದರ ಜೊತೆಗೇ ಬರುವ, ಯಾವ ವಾಸನೆಯೂ ಇಲ್ಲದ ಇನ್ನೊಂದು ಅನಿಲ ಎನ್ನುವುದು ಆಮೇಲೆ ಡಾಕ್ಟರು ಹೇಳಿ ತಿಳಿದದ್ದು.

ಮೇಜಿನ ಮೇಲಿನ ಫೋನ್ ರಿಂಗಾಯಿತು. ಅಕ್ಕ. ಮನೆಯಲ್ಲಿ ಅಡುಗೆ ಮಾಡಿಟ್ಟುಕೊಂಡು ಕಾಯುತ್ತಿದ್ದಳು.

"ಎಷ್ಟೊತ್ತೇ ನಿಮ್ಮ ರಿಪೇರಿ? ಸಾರು ಆರಿ ತಣ್ಣಗಾಯ್ತು. ನಿಮ್ಮ ಭಾವ ಎಲ್ಲಿ?"

ನಾನು ಉತ್ತರ ಹೇಳಿದೆ ಎಂದುಕೊಂಡಿದ್ದೆ. ನಾನು "ಶಿವಮೊಗ್ಗ" ಎನ್ನುವುದನ್ನೇ ಪೂರ್ತಿ ಹೇಳಲಿಲ್ಲ, ಮಧ್ಯದಲ್ಲಿ ಮಾತು ಎಳೆದು ನಿಂತುಹೋಯಿತು ಎಂದು ಅಕ್ಕ ಆಮೇಲೆ ಹೇಳಿದಳು. ನನಗೆ ನೆನಪಿರುವುದು ಇಷ್ಟು: ಮೇಜು ತಂಪಾಗಿತ್ತು. ಹಣೆಯನ್ನು ಅದರ ಮೇಲಿಟ್ಟರೆ ಬಹಳ ಹಿತ ಎನಿಸಿತು. ರಿಸೀವರ್ ಕಿವಿಯ ಪಕ್ಕದಲ್ಲೇ ಇತ್ತು, ಅಕ್ಕನ ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು. ಹೆದರಿಕೆ ಇರಲಿಲ್ಲ. ನೋವೂ ಇರಲಿಲ್ಲ. ನಿದ್ದೆ, ಬರೀ ನಿದ್ದೆ. ಸಾಯುವುದು ಅಷ್ಟು ಸುಲಭವಾಗಿತ್ತು.

ಆಗ ಕೇಳಿಸಿತು. ಸ–ಗ–ಪ.

ಸ್ಪಷ್ಟವಾಗಿ, ಗಟ್ಟಿಯಾಗಿ, ಗೋಡೆಯ ಕಡೆಯಿಂದ. ನನಗೆ ಆದದ್ದು ಆಶ್ಚರ್ಯವಲ್ಲ, ಸಂತೋಷ. "ಎದ್ದಿತು!" ಎಂದುಕೊಂಡೆ. ಬೆಳಗಿನಿಂದ ಕಾಯುತ್ತಿದ್ದ ಸದ್ದು. ಆ ಸದ್ದು ಬಂದ ಕೂಡಲೇ ಹೋಗಿ ಪರದೆ ನೋಡುವುದು ನನಗೆ ಅಭ್ಯಾಸವಾಗಿಹೋಗಿತ್ತು. ಬೇರೆ ಯಾವ ಸದ್ದಾದರೂ, ಯಾರಾದರೂ ಹೆಸರು ಹಿಡಿದು ಕೂಗಿದ್ದರೂ ನಾನು ತಲೆ ಎತ್ತುತ್ತಿದ್ದೆನೋ ಇಲ್ಲವೋ. ಅದಕ್ಕೆ ಎದ್ದೆ. ಕುರ್ಚಿಗಳನ್ನು ಹಿಡಿದುಕೊಂಡು ಗೋಡೆಯ ಹತ್ತಿರ ಹೋದೆ. ಹೋಗುವಾಗ ಇನ್ನೊಮ್ಮೆ ಕೇಳಿಸಿತು.

ಹೋಗಿ ನೋಡಿದರೆ ಪೆಟ್ಟಿಗೆ ನಾನು ಬಿಟ್ಟ ಹಾಗೇ ಬಿದ್ದಿತ್ತು. ಡಿಸ್ಕಿನ ಜಾಗ ಬರಿದು. ಹಿಂದೆ ವೈರಿಲ್ಲ. ಪರದೆ ಕಪ್ಪು.

ಎಷ್ಟು ಹೊತ್ತು ನಿಂತಿದ್ದೆನೋ. ಇದು ಹೇಗೆ ಸಾಧ್ಯ ಎನ್ನುವ ಪ್ರಶ್ನೆಯೊಂದು ಮಂಜಿನಂತಿದ್ದ ತಲೆಯೊಳಗೆ ಮುಳ್ಳಿನ ಹಾಗೆ ಚುಚ್ಚಿತು. ಆ ಚುಚ್ಚಿದ್ದರಿಂದಲೇ ಉಳಿದದ್ದೂ ಕಾಣಿಸಿತು: ನನ್ನ ಕಾಲು ನನ್ನ ಮಾತು ಕೇಳುತ್ತಿಲ್ಲ, ಟ್ಯೂಬ್‌ಲೈಟಿನ ಸುತ್ತ ತೆಳುವಾದ ನೀಲಿ ಹೊಗೆ ತೇಲುತ್ತಿದೆ, ಹಿಂದಿನ ಕೋಣೆಯಲ್ಲಿ ಸದ್ದೇ ಇಲ್ಲ. "ಮಿಸ್" ಎಂದು ಕೂಗಿದೆ. ದನಿ ಬರಲಿಲ್ಲ. ಶಟರಿನವರೆಗೆ ಹೇಗೆ ಹೋದೆನೋ ಗೊತ್ತಿಲ್ಲ. ಎರಡೂ ಕೈ ಹಾಕಿ ಎತ್ತಿ, ಹೊರಗೆ ರಸ್ತೆಯಂಚಿಗೆ ಬಿದ್ದು ವಾಂತಿ ಮಾಡಿಕೊಂಡೆ. ಎದುರಿನ ಸೈಕಲ್ ಶಾಪಿನ ಇಬ್ಬರು ಓಡಿಬಂದರು. ಒಳಗಡೆ ಕೈ ತೋರಿಸಿದೆ. ಅವರಲ್ಲೊಬ್ಬ ಮೂಗಿಗೆ ಬಟ್ಟೆ ಒತ್ತಿಕೊಂಡು ಹೋಗಿ ಜನರೇಟರ್ ಆರಿಸಿ ಹಿತ್ತಲ ಬಾಗಿಲು ತೆಗೆದ. ಇಬ್ಬರೂ ಸೇರಿ ಸೆಲ್ವಿ ಮಿಸ್ಸನ್ನು ಎತ್ತಿಕೊಂಡು ಬಂದರು. ಅವರ ಕೈ ಜೋತುಬಿದ್ದಿತ್ತು. ತುಟಿಯ ಹತ್ತಿರ ನೊರೆ. ಒಬ್ಬ, "ಉಸಿರೈತೆ, ಉಸಿರೈತೆ, ಆಟೋ ಕರೀರಿ" ಎಂದು ಕಿರುಚಿದ.

ಆಟೋ ಬಂತು. ಅದರಲ್ಲಿ ಅಕ್ಕ ಇದ್ದಳು. ನನ್ನ ಮಾತು ನಿಂತು ಹೋದದ್ದಕ್ಕೆ ಗಾಬರಿಯಾಗಿ, ಮನೆ ಬಾಗಿಲಿಗೆ ಬೀಗವನ್ನೂ ಹಾಕದೆ ಬಂದಿದ್ದಳು. ಅದೇ ಆಟೋಕ್ಕೆ ಮಿಸ್ಸನ್ನು ಹತ್ತಿಸಿದೆವು. ನಾನೂ ಹತ್ತಿದೆ. ಮಿಸ್ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಾಳಿ ಹಾಕುತ್ತಾ ಅಕ್ಕ ನನ್ನ ಕಡೆ ತಿರುಗಿ ಕೇಳಿದಳು:

"ಮಿಸ್ ಹಿಂಗೆ ಬಿದ್ದಿದಾರೆ, ಮತ್ತೆ ಫೋನಲ್ಲಿ ಕೇಳಿಸ್ತಲ್ಲ, ಅಷ್ಟು ಜೋರಾಗಿ ಟೈಪ್ ಮಾಡ್ತಿದ್ದಿದ್ದು ಯಾರೇ?"

ನಾನು ಅವಳ ಮುಖ ನೋಡಿದೆ. ನಾನು ಕೇಳಿದ ಸದ್ದಿನ ವಿಷಯ ಆಗಿನ್ನೂ ಯಾರಿಗೂ ಹೇಳಿರಲಿಲ್ಲ. ಹೇಳುವ ಸ್ಥಿತಿಯಲ್ಲೂ ಇರಲಿಲ್ಲ.

ಭದ್ರಾವತಿಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮಿಸ್ಸನ್ನು ಶಿವಮೊಗ್ಗಕ್ಕೆ ಕಳಿಸಿದರು. ಅವರಿಗೆ ಪ್ರಜ್ಞೆ ಬರಲು ಬಹಳ ಕಾಲ ಹಿಡಿಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ನಾನು ಸದ್ದಿನ ವಿಷಯ ಹೇಳಿದೆ. ಈ ವಿಷ ಮಿದುಳಿಗೆ ಏರಿದಾಗ ಕಿವಿಯಲ್ಲಿ ಏನೇನೋ ಸದ್ದು ಬರುವುದುಂಟು, ಬೆಳಗಿನಿಂದ ಅದೇ ಧ್ಯಾನದಲ್ಲಿ ಇದ್ದಿರಿ, ಅದೇ ಕೇಳಿಸಿದೆ ಎಂದರು. ನನಗೆ ದೊಡ್ಡ ಸಮಾಧಾನವಾಯಿತು. ಯಾರೋ ಸರಿಯಾದ ಕಾರಣ ಕೊಟ್ಟರಲ್ಲ ಎಂದು. ಆದರೆ ಅಕ್ಕ? ಅವಳು ಊರಿನ ಇನ್ನೊಂದು ತುದಿಯಲ್ಲಿ, ತೆರೆದ ಅಡುಗೆಮನೆಯಲ್ಲಿ, ಒಳ್ಳೆಯ ಗಾಳಿ ಕುಡಿಯುತ್ತಾ ಫೋನ್ ಹಿಡಿದು ನಿಂತಿದ್ದವಳು.

ಭಾವ ಆ ವಾರವೆಲ್ಲ ಮನುಷ್ಯರಂತೆ ಇರಲಿಲ್ಲ. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಫಲಿತಾಂಶದ ದಿನ ಸೆಂಟರಿನ ಶಟರ್ ಎತ್ತಲೇ ಇಲ್ಲ. ಸೆಲ್ವಿ ಮಿಸ್ ಕಣ್ಣು ಬಿಟ್ಟು ಗಂಜಿ ಕುಡಿಯುವಂತಾದ ಮೇಲೆ ಒಂದು ದಿನ ಭಾವ ನನ್ನನ್ನು ಕರೆಸಿ, "ಅವತ್ತು ಏನಾಯ್ತು ಅಂತ ನಾನು ನೋಡ್ಬೇಕು" ಎಂದರು. ನಾವಿಬ್ಬರೂ ಸೆಂಟರಿಗೆ ಹೋದೆವು. ಹಿತ್ತಲ ಬಾಗಿಲು ಹಾರುಹೊಡೆದಿತ್ತು.

ಮೊದಲು, ಕರೆಂಟು ಹೋದಾಗ ಸ್ವಲ್ಪ ಹೊತ್ತು ಬ್ಯಾಟರಿಯಿಂದ ಕಂಪ್ಯೂಟರ್ ನಡೆಸುವ ಯುಪಿಎಸ್ ಕೂಗಿತೇ ಎಂದು ನೋಡಿದೆವು. ಅದರದು ಒಂದೇ ಸಮನೆ ಗೋಳಿಡುವ ಒಂದೇ ಸ್ವರ. ಜನರೇಟರ್ ಓಡುತ್ತಿದ್ದಾಗ ಅದು ಕೂಗುವ ಕಾರಣವೂ ಇರಲಿಲ್ಲ. ಬೇರೆ ಕಂಪ್ಯೂಟರುಗಳಿಗೆ ಆ ಸ್ವರಗಳು ಬರುವುದೇ ಇಲ್ಲ. ಹಳೇ ಪೆಟ್ಟಿಗೆಗೆ ಭಾವ ತಂದಿದ್ದ ಚಿಕ್ಕ ಡಿಸ್ಕ್ ಹಾಕಿ ಇನ್‌ಸ್ಟಾಲ್ ಮಾಡಿದೆ. ಮೊದಲನೇ ಸಲಕ್ಕೇ ಎದ್ದಿತು, ಆ ಎರಡು ಅಕ್ಷರಗಳ ಸುಳಿವೇ ಇಲ್ಲ. ಇನ್ನೊಂದು ಕ್ಯಾಬಿನೆಟ್ಟಿನಿಂದ ಸ್ಪೀಕರ್ ಕಿತ್ತು ಇದಕ್ಕೆ ಹಾಕಿದೆ. ಭಾವ ಅಕ್ಕನಿಗೆ ಫೋನ್ ಮಾಡಿ, ಏನೂ ಹೇಳದೆ ರಿಸೀವರನ್ನು ಅದೇ ಮೇಜಿನ ಮೇಲೆ ಹಾಗೇ ಇಟ್ಟರು. ಪೆಟ್ಟಿಗೆ ಎದ್ದು ಮೂರು ಸ್ವರ ನುಡಿಯಿತು. ಭಾವ ರಿಸೀವರ್ ಎತ್ತಿ, "ಇದೇನಾ?" ಎಂದರು.

"ಅಲ್ಲ ಕಣ್ರೀ. ಇದೇನು ಪೀ ಪೀ ಅಂತಿದೆ? ನಾನು ಕೇಳಿದ್ದು ಟೈಪಿಂಗು. ಟಕಟಕ ಅಂತ ಹೊಡೀತಿದ್ರು, ಸಾಲಿಗೊಂದು ಗಂಟೆ. ನನಗೆ ಗೊತ್ತಿಲ್ವಾ ಆ ಗಂಟೆ?"

ಟೈಪ್‌ರೈಟರ್ ಕಂಡಿಲ್ಲದವರಿಗಾಗಿ ಹೇಳುತ್ತೇನೆ. ಸಾಲು ಮುಗಿಯುತ್ತಾ ಬಂತು, ಇನ್ನು ಕೆಲವೇ ಅಕ್ಷರಕ್ಕೆ ಜಾಗವಿದೆ ಎಂದು ಎಚ್ಚರಿಸಲು ಅದರಲ್ಲೊಂದು ಪುಟ್ಟ ಗಂಟೆ ಟಿಣ್ ಎನ್ನುತ್ತದೆ.

ಟೈಪ್‌ರೈಟರುಗಳನ್ನು ಕೊಳ್ಳುವವರು ಬಂದಿರಲಿಲ್ಲ, ಬರಬೇಡಿ ಎಂದು ಭಾವನೇ ಹೇಳಿದ್ದರು. ಹಿಂದಿನ ಕೋಣೆಯಲ್ಲಿ ಎಲ್ಲವೂ ಮಿಸ್ ಕಟ್ಟಿಟ್ಟ ಹಾಗೇ ಇದ್ದವು. ಪ್ರತಿಯೊಂದಕ್ಕೂ ಹುರಿ, ಪ್ರತಿಯೊಂದಕ್ಕೂ ಸೀರೆಯ ಸುತ್ತು. ಅವರು ಬೀಳುವಾಗ ಯಾವುದಾದರೂ ಒಂದಕ್ಕೆ ಕೈ ತಗುಲಿ ಸದ್ದಾಗಿರಬಹುದೇ ಎಂದು ಒಂದೊಂದನ್ನೇ ತಡವಿ ನೋಡಿದೆ. ಗಂಟು ಸಡಿಲಾದದ್ದು ಒಂದೂ ಇರಲಿಲ್ಲ. ಭಾವ ಒಂದನ್ನು ಬಿಚ್ಚಿ ಹಾಲಿಗೆ ತಂದಿಟ್ಟು, ಕಾಗದ ತೂರಿಸಿ, ಎರಡು ಸಾಲು ಹೊಡೆದರು. ಟಿಣ್. ಆ ಕಡೆಯಿಂದ ಅಕ್ಕ, "ಹ್ಞಾ, ಅದೇ! ಇನ್ನೂ ಬೇಗ ಬೇಗ ಹೊಡೀತಿದ್ರು" ಎಂದಳು.

ನಾನು ಅಲ್ಲೇ ನಿಂತಿದ್ದೆ. ಅದೇ ಅಲ್ಲ. ನಾನು ಕೇಳಿದ್ದು ಗಂಟೆಯಲ್ಲ. ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಒಂದೇ ಕೋಣೆ, ಒಂದೇ ಗಳಿಗೆ, ನಡುವೆ ಒಂದು ಟೆಲಿಫೋನ್ ತಂತಿ. ನನಗೆ ಕೇಳಿದ್ದು ಅವಳಿಗಿಲ್ಲ, ಅವಳಿಗೆ ಕೇಳಿದ್ದು ನನಗಿಲ್ಲ. ಎರಡು ಸದ್ದಿಗೂ ಅಲ್ಲಿ ಕಾರಣವಿರಲಿಲ್ಲ. ಲೈನು ಲೈನಿಗೆ ತಾಗಿ ಬೇರೆ ಯಾವುದೋ ಆಫೀಸಿನ ಟೈಪಿಂಗ್ ಸದ್ದು ಬಂದಿರಬೇಕು ಎಂದು ನಾನು ಒಂದಷ್ಟು ದಿನ ವಾದಿಸಿದೆ. ಭಾನುವಾರ ಮಧ್ಯಾಹ್ನ ಯಾವ ಆಫೀಸೇ ಎಂದು ಅಕ್ಕ ಕೇಳಿದಳು.

ಆವತ್ತು ಭಾವ ಟೈಪ್‌ರೈಟರಿನ ಮುಂದೆಯೇ ಕೂತಿದ್ದರು. ನನ್ನ ಕಡೆ ನೋಡದೆ ಕೇಳಿದರು: "ನಿಜ ಹೇಳು. ನಿನಗೆ ಕೇಳಿಸಿತ್ತಾ? ಇಲ್ಲಾ, ದೇವರು ದೊಡ್ಡವನು ಅಂದ್ಕೊಂಡು ನಾನು ಸಮಾಧಾನ ಮಾಡ್ಕೊಳ್ಲಿ ಅಂತ ಅಕ್ಕ-ತಂಗಿ ಸೇರ್ಕೊಂಡು ಹೇಳ್ತಿದೀರಾ?"

"ನಾನು ಯಾವತ್ತಾದ್ರೂ ಅಂಥ ಮಾತು ಆಡಿದೀನಾ ಭಾವ?" ಎಂದೆ.

"ಇಲ್ಲ. ಅದಕ್ಕೇ ಭಯ ಆಗ್ತಿರೋದು" ಎಂದರು.

ಅವರು ಆ ಜನರೇಟರನ್ನು ಗುಜರಿಗೆ ಹಾಕಿದರು. ಹಿಂದಿನ ಮನೆಯ ಆ ಮಗುವಿನ ನಾಮಕರಣಕ್ಕೆ ಕರೆದಾಗ ಹೋಗಲಿಲ್ಲ. ಒಳ್ಳೆಯದು ಮಾಡಲು ಹೋಗಿ ಹೀಗಾಯಿತಲ್ಲ ಎನ್ನುವುದು ಅವರನ್ನು ಬಿಡಲೇ ಇಲ್ಲ. ಅವರಿಗೆ ಹೇಳಿದ ಸಮಾಧಾನದ ಮಾತುಗಳೆಲ್ಲ ಗೋಡೆಗೆ ಹೇಳಿದ ಹಾಗಾಯಿತು. ಹಳದಿ ಪೆಟ್ಟಿಗೆ ಮಾತ್ರ ಬಾಗಿಲು ಕಾಯುತ್ತಾ ವರ್ಷಗಳ ಕಾಲ ಕೆಲಸ ಮಾಡಿತು. ಸ್ಪೀಕರನ್ನು ನಾನು ಆವತ್ತೇ ಕಿತ್ತುಹಾಕಿ ಬಂದಿದ್ದೆ. ಕಾಲೇಜಿನ ಫೈರ್‌ವಾಲ್ ಎದ್ದು ಆ ಮೂರು ಸ್ವರ ನುಡಿಸಿದಾಗ ನನಗೆ ಆಮೇಲೆ ಸಂತೋಷವಾಗುತ್ತಿರಲಿಲ್ಲ. ಬಾಗಿಲು, ಕಿಟಕಿ ಎಲ್ಲ ತೆರೆದಿವೆಯೇ ಎಂದು ಒಮ್ಮೆ ಸುತ್ತ ನೋಡುತ್ತಿದ್ದೆ.

ಸೆಲ್ವಿ ಮಿಸ್ ಉಳಿದರು, ಆದರೆ ಮೊದಲಿನ ಹಾಗೆ ಅಲ್ಲ. ಕೈಯಲ್ಲಿ ನಡುಕ ಉಳಿದುಬಿಟ್ಟಿತು. ನಡುನಡುವೆ ಹೆಸರುಗಳು ಮರೆಯುತ್ತಿದ್ದವು. ಆ ಭಾನುವಾರವಂತೂ ಅವರ ಪಾಲಿಗೆ ಇರಲೇ ಇಲ್ಲ. ಶನಿವಾರ ರಾತ್ರಿ ಮಲಗಿದ್ದು, ಆಮೇಲೆ ಆಸ್ಪತ್ರೆಯ ಸೂರು, ನಡುವೆ ಏನೂ ಇಲ್ಲ. ಅವರ ಮುಂದೆ ಆ ವಿಷಯ ಎತ್ತಬಾರದೆಂದು ನಾವೆಲ್ಲ ಒಪ್ಪಿಕೊಂಡಿದ್ದೆವು.

ಆದರೆ ಕೆಲವು ವರ್ಷಗಳ ಮೇಲೆ ಅವರನ್ನು ನೋಡಲು ಕ್ವಾರ್ಟರ್ಸಿಗೆ ಹೋದಾಗ ಅವರೇ ಕೇಳಿದರು. ಮುಂದಿನ ಜಗಲಿಯಲ್ಲಿ ಕೂತಿದ್ದೆವು. ಕಾರ್ಖಾನೆಯ ಕೆಲಸ ಬಹುಮಟ್ಟಿಗೆ ನಿಂತುಹೋಗಿ ಸುತ್ತಲಿನ ಮನೆಗಳು ಅರ್ಧ ಖಾಲಿಯಾಗಿದ್ದವು. "ನಿಮಗೇನೋ ಕೇಳಿಸ್ತಂತೆ ಅವತ್ತು. ನನ್ ತಮ್ಮ ಹೇಳ್ದ. ಏನದು, ಹೇಳು" ಎಂದರು. ತಪ್ಪಿಸಿಕೊಳ್ಳಲಾಗಲಿಲ್ಲ. ನನ್ನ ಮೂರು ಸ್ವರದ ವಿಷಯ ಹೇಳಿದೆ, ಅಕ್ಕನ ಟೈಪಿಂಗ್ ವಿಷಯ ಹೇಳಿದೆ. ಪುಣ್ಯ, ದೇವರು, ಹಿರಿಯರ ಆಶೀರ್ವಾದ ಎಂದೇನಾದರೂ ಅನ್ನುತ್ತಾರೆಂದುಕೊಂಡಿದ್ದೆ. ಅವರು ಬೀದಿಯ ಕಡೆಗೆ ತಿರುಗಿದರು.

"ನೀನು ಹಾಲಲ್ಲಿದ್ದೆ, ನಿನಗೆ ಕೇಳಿಸ್ತು" ಎಂದರು. "ನಿಮ್ಮಕ್ಕ ಮನೇಲಿದ್ಲು, ಅವಳಿಗೂ ಕೇಳಿಸ್ತು. ಮಷೀನ್ ಪಕ್ಕದಲ್ಲೇ ಮಲಗಿ ಸಾಯ್ತಿದ್ದೋಳು ನಾನು. ನನಗ್ಯಾಕೆ ಮಾ ಕೇಳಿಸ್ಲಿಲ್ಲ?"

ಅವರ ದನಿಯಲ್ಲಿ ದೂರಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕೇಳುವ ಹಾಗೆ ನನ್ನನ್ನು ಕೇಳಿದ್ದರು. ಆಮೇಲೆ ನಿಧಾನವಾಗಿ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದರು.